ಅಂಬುಜಕ್ಕನ ಅರಿಸಿನ ಬಣ್ಣ

ಬಹಳ ಹಿಂದೆ, ಕಂಪ್ಯೂಟರಿಗೆ ಇನ್ನೂ ಗೂನು ಬೆನ್ನಿದ್ದ ಕಾಲದಲ್ಲಿ, ಬೆಟ್ಟದ ಬುಡದಲ್ಲಿ ಒಂದು ಊರಿತ್ತಂತೆ. ಆ ಊರಿಗೊಂದು ಕಾಲೇಜು, ಕಾಲೇಜಿಗೊಂದು ಕಂಪ್ಯೂಟರ್ ಕೋಣೆ, ಆ ಕೋಣೆಗೊಬ್ಬಳು ಅಂಬುಜಕ್ಕ. ಇಸವಿ ಕೇಳಬೇಡಿ. ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ, ಎಲ್ಲರೂ ತಾವು ಹೇಳಿದ್ದೇ ಸರಿ ಅಂತ ಜಗಳಕ್ಕೆ ನಿಲ್ಲುತ್ತಾರೆ. ನಮಗೆ ಕಥೆ ಸಾಕು.

ಅಂಬುಜಕ್ಕನ ಕೆಲಸ ಏನು ಅಂದರೆ, ಕಣ್ಣಿಗೆ ಕಾಣದ್ದನ್ನು ಕಾಣಿಸುವುದು. ಮಾಟವಲ್ಲ, ಮಂತ್ರವಲ್ಲ. ಪ್ರೋಟೀನು ಅಂತ ಇದೆಯಲ್ಲ, ಬೇಳೆಯಲ್ಲಿದೆ ಮೊಟ್ಟೆಯಲ್ಲಿದೆ ಅಂತ ಸ್ಕೂಲಲ್ಲಿ ಹೇಳಿಕೊಡುತ್ತಾರಲ್ಲ, ಅದು ನಮ್ಮ ಮೈಯೊಳಗೂ ಉಂಟು. ಒಂದು ಬಗೆಯದಲ್ಲ, ಸಾವಿರಾರು ಬಗೆಯದು. ಒಂದೊಂದೂ ನೂಲಿನ ಉಂಡೆಯ ಹಾಗೆ ಸುತ್ತಿಕೊಂಡು ಕೂತಿರುತ್ತದೆ, ಒಂದೊಂದಕ್ಕೂ ಅದರದೇ ಸುತ್ತು, ಅದರದೇ ಕೆಲಸ. ಅದು ಎಷ್ಟು ಸಣ್ಣದೆಂದರೆ ಎಂಥ ಭೂತಗನ್ನಡಿ ಹಿಡಿದರೂ ನಮ್ಮ ಕಣ್ಣಿಗೆ ಬೀಳುವುದಿಲ್ಲ. ಓದಿದವರು ಅದರ ಆಕಾರವನ್ನು ಅಳೆದು ಲೆಕ್ಕ ಮಾಡಿ ಇಟ್ಟಿದ್ದಾರೆ. ಆ ಲೆಕ್ಕವನ್ನು ಚಿತ್ರ ಮಾಡಿ ಪರದೆಯ ಮೇಲೆ ತಿರುಗಿಸಿ ತೋರಿಸುವ ಸಾಫ್ಟ್‌ವೇರು ಒಂದಿತ್ತು. ಅದು ಯಾರ ಮಾತೂ ಕೇಳುತ್ತಿರಲಿಲ್ಲ, ಅಂಬುಜಕ್ಕನ ಮಾತು ಕೇಳುತ್ತಿತ್ತು, ಅಷ್ಟೆ.

ಎಲ್ಲೆಲ್ಲಿಂದಲೋ ಜನ ಅವಳ ಹತ್ತಿರ ಬರುತ್ತಿದ್ದರಂತೆ. ಒಬ್ಬ ದೊಡ್ಡ ಪ್ರೊಫೆಸರು ಬಂದು, ವರ್ಷಗಟ್ಟಲೆ ನಾನು ಹಿಂದೆ ಬಿದ್ದಿದ್ದ ಪ್ರೋಟೀನು ಇವತ್ತು ಬೆಳಗ್ಗೆ ಪರದೆಯಿಂದ ಮಾಯವಾಯಿತು ತಾಯಿ ಅಂತ ಕಣ್ಣೀರು ಹಾಕಿದರಂತೆ. ಅಂಬುಜಕ್ಕ ಎದ್ದು ನೋಡಲೂ ಇಲ್ಲ. ಅದೆಲ್ಲೂ ಹೋಗಿಲ್ಲ ಸಾರ್, ನೀವೇ ಹತ್ತಿರ ಹೋಗಿ ಹೋಗಿ ಅದರ ಹೊಟ್ಟೆಯೊಳಗೆ ನಿಂತಿದ್ದೀರಿ, ಸ್ವಲ್ಪ ಹೊರಗೆ ಬನ್ನಿ ಅಂದಳಂತೆ. ಪ್ರೊಫೆಸರು ಹೊರಗೆ ಬಂದರು, ಪ್ರೋಟೀನು ನಗುತ್ತಾ ಕೂತಿತ್ತು. ಇನ್ನೊಬ್ಬರು ಸಮುದ್ರದಾಚೆಯಿಂದ ಫೋನು ಮಾಡಿದಾಗ, ಮೌಸಿನ ಚಕ್ರದ ಕಿರ್ರೆನ್ನುವ ಸದ್ದು ಫೋನಿನಲ್ಲೇ ಕೇಳಿ, ಆ ಚಕ್ರ ತಿರುಗಿಸಬೇಡಿ, ಅದು ಮುಂಭಾಗವನ್ನು ಚಾಕು ಹಾಕಿ ಹೆರೆದ ಹಾಗೆ ಹೆರೆದುಬಿಡುತ್ತದೆ ಅಂದಳಂತೆ. ಇದನ್ನು ನಾನು ಪೂರ್ತಿ ನಂಬುವುದಿಲ್ಲ. ನೀವು ಬೇಕಾದರೆ ನಂಬಿ, ನನ್ನ ಗಂಟೇನೂ ಹೋಗುವುದಿಲ್ಲ.

ಅವಳದೊಂದು ಪದ್ಧತಿಯಿತ್ತು. ಬಂದವರ ಕೈಯಿಂದ ಅವಳು ಮೌಸು ಕಸಿದುಕೊಳ್ಳುತ್ತಿರಲಿಲ್ಲ. ಪಕ್ಕದಲ್ಲಿ ಸ್ಟೂಲು ಎಳೆದುಕೊಂಡು ಕೂತು, ಏನು ಕಾಣುತ್ತದೆ ಬಾಯಿ ಬಿಟ್ಟು ಹೇಳು ಅನ್ನುವಳು. ಹೇಳಿದ ಮೇಲೆ, ಈಗ ಒಂದು ಸುತ್ತು ತಿರುಗಿಸು ಅನ್ನುವಳು. ಕಷ್ಟ ಹೇಳಿಕೊಂಡು ಬಂದವರಲ್ಲಿ ಅರ್ಧ ಜನರ ಕಷ್ಟ ಆ ಒಂದು ಸುತ್ತಿನಲ್ಲೇ ಬಗೆಹರಿಯುತ್ತಿತ್ತಂತೆ. ಅದಕ್ಕೇ ಅವಳಿಗೆ ತಿರುಗಿಸೋ ಅಂಬುಜಕ್ಕ ಅಂತಲೇ ಹೆಸರು.

ಈಗ ಬೆಟ್ಟದ ಮೇಲಕ್ಕೆ ಬನ್ನಿ. ಮೇಲೆ ಬಿದಿರುಕೊಳ್ಳ ಅಂತ ಒಂದು ಪೋಡು. ಪೋಡು ಅಂದರೆ ಕಾಡಿನ ಜನರ ಊರು, ಒಂದು ಕೂಗಿಗೆ ಎಲ್ಲ ಮನೆಗೂ ಕೇಳಿಸುವಷ್ಟು ಸಣ್ಣದು. ಅಲ್ಲಿ ಕೇತಮ್ಮ ಅನ್ನುವ ಹೆಂಗಸಿದ್ದಳು. ಗಂಡ ಜಡೆಯ, ಅತ್ತೆ ಸಣ್ಣರಂಗಮ್ಮ, ಒಬ್ಬನೇ ಮಗ ಅಚ್ಚುಗ. ಆ ಮಗುವಿಗೆ ಒಂದು ನೋವು ಬರುತ್ತಿತ್ತು. ಆಡುತ್ತಾ ಆಡುತ್ತಾ ಕೂತುಬಿಡುವನು, ಮೊಣಕಾಲು ಅನ್ನುವನು, ಬೆನ್ನು ಅನ್ನುವನು, ಮೂಳೆಯೊಳಗೆ ಯಾರೋ ಉಳಿಯಿಟ್ಟು ಹೊಡೆಯುತ್ತಿದ್ದಾರೆ ಅಂತ ಚೀರುವನು. ಚಳಿಗೆ ಹೆಚ್ಚು, ನೀರು ಕುಡಿಯದಿದ್ದರೆ ಹೆಚ್ಚು. ಕೇತಮ್ಮ ಅವನನ್ನು ಹೊಟ್ಟೆಗೆ ಅವುಚಿಕೊಂಡು, ಬಿಸಿನೀರಿನ ಬಟ್ಟೆ ಹಾಕಿ, ಗುಟುಕು ಗುಟುಕಾಗಿ ನೀರು ಕುಡಿಸುತ್ತಾ ಕೂರುವಳು. ಎಲ್ಲಿ ಒತ್ತಬೇಕು, ಎಲ್ಲಿ ಕೈಯಿಡಲೇಬಾರದು ಅನ್ನುವುದು ಅವಳೊಬ್ಬಳಿಗೇ ಗೊತ್ತಿತ್ತು.

ಊರು ಸುಮ್ಮನಿರುತ್ತದೆಯೇ? ಕೇತಮ್ಮ ಬೇರೆ ಬೆಟ್ಟದಿಂದ ಬಂದ ಸೊಸೆ. ಅವಳ ತವರಿನ ರಕ್ತ ಕೆಟ್ಟದ್ದು, ಅದು ಅವಳ ಹೊಟ್ಟೆಯಿಂದ ಮಗುವಿಗೆ ಇಳಿದಿದೆ ಅಂತ ಶುರುವಾಯಿತು. ಶುರು ಮಾಡಿದವಳು ಅತ್ತೆಯೇ. ಸಣ್ಣರಂಗಮ್ಮನ ನಾಲಿಗೆ ಅಂದರೆ ಕತ್ತಿ ಮಸೆದ ನಾಲಿಗೆ. ಬೆಳಗ್ಗೆ ಎದ್ದು ಸೊಸೆಯ ಮುಖ ನೋಡಿದರೆ ಸಾಕು, ಅಂದಿನ ಅಡುಗೆಗೆ ಖಾರ ಬೇಕಾಗುತ್ತಿರಲಿಲ್ಲ. ಜಡೆಯ ಒಳ್ಳೆಯವನೇ, ಆದರೆ ಮೂಗುದಾರ ಹಾಕಿದ ಎತ್ತು. ಅವ್ವ ಒಂದು ಕಡೆ, ಹೆಂಡತಿ ಒಂದು ಕಡೆ, ತಾನು ಜೇನು ಬಿಚ್ಚಲು ಕಾಡಿನ ಕಡೆ.

ಬೆಟ್ಟದ ಮೇಲೊಂದು ಸಣ್ಣ ಆಸ್ಪತ್ರೆಯಿತ್ತು. ಅಲ್ಲಿಗೆ ಹೊಸದಾಗಿ ಬಂದಿದ್ದ ಡಾಕ್ಟರು ಇಂದುಶೇಖರ, ಇನ್ನೂ ಮೀಸೆ ಸರಿಯಾಗಿ ಬಲಿಯದವನು, ಆದರೆ ಮನಸ್ಸು ಬಂಗಾರ. ಅವನು ಅಚ್ಚುಗನ ರಕ್ತ ನೋಡಿ ವಿಷಯ ತಿಳಿದುಕೊಂಡ. ರಕ್ತದಲ್ಲಿ ಉಸಿರು ಹೊತ್ತು ತಿರುಗುವ ಒಂದು ಪ್ರೋಟೀನಿದೆ, ಇವನದ್ದು ಒಂದು ಚೂರು ಬದಲಾಗಿದೆ, ಅದರಿಂದ ರಕ್ತದ ಕಣ ಕುಡುಗೋಲಿನ ಹಾಗೆ ಬಾಗಿ ರಕ್ತನಾಳದೊಳಗೆ ಸಿಕ್ಕಿಕೊಳ್ಳುತ್ತದೆ, ಅದಕ್ಕೇ ನೋವು ಅಂದ. ಇದು ತಾಯಿಯಿಂದ ಅರ್ಧ ತಂದೆಯಿಂದ ಅರ್ಧ ಬರುವಂಥದ್ದು ಅಂತಲೂ ಅಂದ. ಜನ ನಕ್ಕರು. ಕಾಣದ್ದನ್ನು ಯಾರು ಬೇಕಾದರೂ ಹೇಳಬಹುದು, ಕಾಣಿಸು ನೋಡೋಣ ಅಂದರು.

ಕಾಣಿಸುತ್ತೇನೆ ಅಂದ ಡಾಕ್ಟರು. ಪಾಪ, ಇಳಿದು ಹೋಗಿ ಅಂಬುಜಕ್ಕನ ಹತ್ತಿರ ಅರ್ಧ ದಿನ ಕಲಿತ. ಅವಳು ರಕ್ತದ ಆ ಪ್ರೋಟೀನನ್ನು ತೆರೆದುಕೊಟ್ಟಳು, ಕೆಟ್ಟ ಜಾಗಕ್ಕೆ ಬಿಳಿ ಗುಂಡು ಇಟ್ಟು ಗುರುತು ಮಾಡಿಕೊಟ್ಟಳು. ಹೋಗಿ ತಿರುಗಿಸಿ ತೋರಿಸು ಅಂದಳು. ಡಾಕ್ಟರು ಕಂಪ್ಯೂಟರನ್ನು ಜೀಪಿನಲ್ಲಿ ಹಾಕಿಕೊಂಡು, ಡೀಸೆಲ್ ಜನರೇಟರು ಹೊರಿಸಿಕೊಂಡು ಬಿದಿರುಕೊಳ್ಳಕ್ಕೆ ಬಂದ. ನ್ಯಾಯದ ಕಟ್ಟೆಯ ಮೇಲೆ ಆ ಗೂನು ಪೆಟ್ಟಿಗೆ ಇಟ್ಟ. ಆದರೆ ಅವನಿಗೊಂದು ಪುಕ್ಕಲು: ಮೌಸು ಮುಟ್ಟಿದರೆ ಎಲ್ಲಿ ಮಾಯವಾಗುತ್ತದೋ ಅಂತ. ಅದಕ್ಕೇ ತಿರುಗಿಸಲೇ ಇಲ್ಲ. ಚಿತ್ರ ಹೇಗೆ ಬಂತೋ ಹಾಗೇ ನಿಲ್ಲಿಸಿ, ಒಬ್ಬೊಬ್ಬರಾಗಿ ಬಂದು ನೋಡಿ ಅಂದ.

ಬಂದು ನೋಡಿದರು. ನೂಲಿನ ಉಂಡೆಯಂಥದ್ದು. ಅದರಲ್ಲಿ ಅರ್ಧ ಕೆಂಪು, ಅರ್ಧ ನೀಲಿ. ಬಿಳಿ ಗುಂಡು ಇದ್ದದ್ದು ಕೆಂಪಿನ ಮೇಲೆ.

ಸಣ್ಣರಂಗಮ್ಮ ಹತ್ತಿರ ಹೋದಳು, ಕಣ್ಣು ಕಿರಿದು ಮಾಡಿದಳು, ತಿರುಗಿ ನಿಂತಳು. ಡಾಕ್ಟರೇ ಹೇಳಿದ್ದಾರೆ, ತಾಯಿದು ಅರ್ಧ, ತಂದೆದು ಅರ್ಧ. ಕೆಂಪು ಅಂದರೆ ಕುಂಕುಮ, ಕುಂಕುಮ ಹೆಂಗಸಿನದು. ನೀಲಿ ನನ್ನ ಮಗನದು, ಅದರಲ್ಲಿ ಒಂದು ಕಲೆಯಿಲ್ಲ. ಕೆಟ್ಟದ್ದು ಇರುವುದು ಕೆಂಪಿನಲ್ಲಿ. ಇನ್ನೇನು ಬೇಕು ಅಂದಳು. ಡಾಕ್ಟರು ಹಾಗಲ್ಲ ಹಾಗಲ್ಲ ಅಂತ ಕೈ ಆಡಿಸಿದ. ಯಾರು ಕೇಳುತ್ತಾರೆ? ಕಣ್ಣಾರೆ ಕಂಡಾಗಿತ್ತಲ್ಲ. ಇಷ್ಟು ದಿನ ಬರೀ ಮಾತಿತ್ತು, ಈಗ ಆ ಮಾತಿಗೆ ಚಿತ್ರವೂ ಸಿಕ್ಕಿತು. ಪೋಡಿನ ಯಜಮಾನ ದಾಸೇಗೌಡ, ರಾಗಿ ಕೊಯ್ಲು ಮುಗಿದ ಮೇಲೆ ಕೇತಮ್ಮ ತವರಿಗೆ ಹೋಗಲಿ, ಮಗು ಮನೆತನದ್ದು, ಮಗು ಇಲ್ಲೇ ಇರಲಿ ಅಂತ ತೀರ್ಪು ಕೊಟ್ಟ. ಜಡೆಯ ಬಾಯಿ ತೆರೆದ, ಅವ್ವನ ಮುಖ ನೋಡಿದ, ಮುಚ್ಚಿದ.

ಬೇರೆ ಹೆಂಗಸಾಗಿದ್ದರೆ ಅಲ್ಲೇ ಕುಸಿದು ಕೂರುತ್ತಿದ್ದಳು. ಕೇತಮ್ಮನ ಎದೆಯೂ ಒಡೆದೇ ಹೋಗಿತ್ತು. ನೋವು ಬಂದಾಗ ಮಗುವಿಗೆ ಎಲ್ಲಿ ಒತ್ತಬೇಕು ಅಂತ ಇವರಲ್ಲಿ ಯಾರಿಗೆ ಗೊತ್ತು ಅನ್ನುವುದೊಂದೇ ಅವಳ ತಲೆಯಲ್ಲಿ ಸುತ್ತುತ್ತಿತ್ತು. ಆದರೆ ಆ ದುಃಖದ ನಡುವೆಯೂ ಅವಳಿಗೊಂದು ಅನುಮಾನ ಬಂತು ನೋಡಿ. ಅವಳು ಸಣ್ಣಂದಿನಿಂದಲೂ ಹಾಗೆಯೇ. ಹುತ್ತ ಕಂಡರೆ ಒಳಗೆ ಎಷ್ಟು ದಾರಿ ಅಂತ ಕೇಳುವಳು, ಜೇನುಗೂಡು ಕಂಡರೆ ಮೂಲೆ ಯಾಕೆ ಅಂತ ಕೇಳುವಳು. ಕೈ ಕೊಯ್ದುಕೊಂಡಾಗ ತನ್ನ ರಕ್ತವನ್ನು ಅವಳು ಎಷ್ಟೋ ಸಲ ನೋಡಿದ್ದಳು. ಅದು ಪೂರ್ತಿ ಕೆಂಪು. ಅದರಲ್ಲಿ ನೀಲಿ ಎಲ್ಲಿಂದ ಬಂತು?

ಜನ ಚದುರಿದ ಮೇಲೆ ಅವಳು ಡಾಕ್ಟರನ್ನು ಕೇಳಿದಳು.

"ಸಾಮಿ, ಇದ್ಕೆ ಬಣ್ಣ ಬಳ್ದೋರ್ ಯಾರು?"

ಡಾಕ್ಟರು ತಬ್ಬಿಬ್ಬಾದ. ಅವನು ಅದನ್ನು ಯೋಚಿಸಿಯೇ ಇರಲಿಲ್ಲ. ಅದು ತೆರೆದಾಗಲೇ ಹಾಗಿರುತ್ತದಮ್ಮ ಅಂದ. ತೆರೆದಾಗ ಹಾಗಿರಬೇಕಾದರೆ ಯಾರೋ ಬಳಿದಿರಬೇಕಲ್ಲ ಸಾಮಿ ಅಂದಳು. ಅವನು ತಲೆ ಕೆರೆದುಕೊಂಡು, ಅಂಬುಜಕ್ಕನನ್ನು ಕೇಳಬೇಕು ಅಂದ.

ಕೇಳಬೇಕು ಅಂದರೆ ಕೇಳುವುದೇ. ಕೇತಮ್ಮ ಮಗುವನ್ನು ಬೆನ್ನಿಗೆ ಕಟ್ಟಿಕೊಂಡು ಬೆಟ್ಟ ಇಳಿದಳು. ಅತ್ತೆ ಹಿಂದಿನಿಂದ ಕೂಗಿದ್ದು ಕೇಳಿಸಲಿಲ್ಲವೋ, ಕೇಳಿಸಿಕೊಳ್ಳಲಿಲ್ಲವೋ. ಆನೆ ಅಡ್ಡ ಬಂದು ದಾರಿ ಬಿಟ್ಟಿತಂತೆ ಅಂತ ಕೆಲವರು ಸೇರಿಸುತ್ತಾರೆ. ಬಸ್ಸು ಸಿಕ್ಕಿತು ಅಂತ ನಾನು ಕೇಳಿದ್ದೇನೆ. ಬಸ್ಸು ಸಿಕ್ಕಿದ್ದೂ ಆ ಕಾಲಕ್ಕೆ ಆನೆ ದಾರಿ ಬಿಟ್ಟಷ್ಟೇ ದೊಡ್ಡದು ಅನ್ನಿ.

ಕಂಪ್ಯೂಟರ್ ಕೋಣೆಗೆ ಚಪ್ಪಲಿ ಬಿಟ್ಟು ಹೋಗಬೇಕಿತ್ತು. ಕೇತಮ್ಮನಿಗೆ ಚಪ್ಪಲಿಯೇ ಇರಲಿಲ್ಲ, ನೇರ ಹೋದಳು. ಒಳಗೆ ಸಾಲಾಗಿ ಗೂನು ಪೆಟ್ಟಿಗೆಗಳು, ತಣ್ಣನೆ ಗಾಳಿ. ತಣ್ಣನೆ ಗಾಳಿ ಮಗುವಿಗೆ ಆಗದು ಅಂತ ಅವಳು ಸೆರಗು ಹೊದಿಸುವಷ್ಟರಲ್ಲಿ, ಮೂಲೆಯಲ್ಲಿ ಕನ್ನಡಕ ಹಣೆಗೇರಿಸಿಕೊಂಡು ಕೂತಿದ್ದ ಹೆಂಗಸೊಬ್ಬಳು ಎದ್ದು ಬಂದು ಫ್ಯಾನೂ ತಣ್ಣನೆ ಗಾಳಿಯ ಪೆಟ್ಟಿಗೆಯೂ ಎರಡನ್ನೂ ಆರಿಸಿದಳು. ಅವಳೇ ಅಂಬುಜಕ್ಕ. ಎತ್ತರದವಳು ಅಂತ ಕೆಲವರು, ಕುಳ್ಳಿ ಅಂತ ಕೆಲವರು. ಬಾಯಲ್ಲಿ ಸದಾ ಒಂದು ಏಲಕ್ಕಿ ಇರುತ್ತಿತ್ತು ಅನ್ನುವುದರಲ್ಲಿ ಮಾತ್ರ ಯಾರಿಗೂ ಭಿನ್ನಾಭಿಪ್ರಾಯವಿಲ್ಲ.

ಏನಮ್ಮ ಬಂದದ್ದು ಅಂತ ಕೇಳಿದಳು. ಕೇತಮ್ಮ ಎಲ್ಲ ಹೇಳಿದಳು. ನೋವು, ಮಾತು, ಪೆಟ್ಟಿಗೆ, ಕೆಂಪು, ನೀಲಿ, ರಾಗಿ ಕೊಯ್ಲು. ಅಂಬುಜಕ್ಕನ ಮುಖ ಇಳಿಯುತ್ತಾ ಬಂತು. ಆ ಚಿತ್ರ ಮಾಡಿಕೊಟ್ಟವಳು ಅವಳೇ ಅಲ್ಲವೇ? ತಲೆಯ ಮೇಲೆ ಕೈಯಿಟ್ಟುಕೊಂಡು ಸ್ಟೂಲಿನ ಮೇಲೆ ಕೂತಳು. ಅಯ್ಯೋ, ಆ ಬಣ್ಣಕ್ಕೆ ಅರ್ಥವೇ ಇಲ್ಲ ಕಣೇ ಅಂದಳು. ಎಳೆಗೂ ಎಳೆಗೂ ಗೊಂದಲ ಆಗದಿರಲಿ ಅಂತ ಆ ಸಾಫ್ಟ್‌ವೇರೇ ಒಂದೊಂದು ಬಣ್ಣ ಹಚ್ಚುತ್ತದೆ. ನಿಜದಲ್ಲಿ ಅಲ್ಲಿ ಕೆಂಪೂ ಇಲ್ಲ, ನೀಲಿಯೂ ಇಲ್ಲ. ದಿನಾ ನೋಡಿ ನೋಡಿ ನನಗೆ ಆ ಬಣ್ಣ ಕಣ್ಣಿಗೇ ಬೀಳುವುದಿಲ್ಲ, ಬೇರೆಯವರು ಅದಕ್ಕೇ ಅರ್ಥ ಕಟ್ಟಬಹುದು ಅಂತ ಹೊಳೆಯಲೇ ಇಲ್ಲ ಅಂದಳು. ಅವಳ ಕಣ್ಣು ಒದ್ದೆಯಾಗಿತ್ತಂತೆ. ಅಷ್ಟು ಜನರಿಗೆ ತಿರುಗಿಸು ತಿರುಗಿಸು ಅಂದವಳು ತಾನೇ ಆ ಒಂದು ಕಡೆಯನ್ನು ತಿರುಗಿಸಿ ನೋಡಿರಲಿಲ್ಲ.

ಕೇತಮ್ಮನಿಗೆ ಅವಳ ಮೇಲೆ ಕೋಪ ಬರಲಿಲ್ಲ, ಕುತೂಹಲ ಬಂತು. ಹಾಗಾದರೆ ಬಣ್ಣ ಅಳಿಸಬಹುದಾ ಅಂತ ಕೇಳಿದಳು. ನೀನೇ ಅಳಿಸು ಅಂತ ಅಂಬುಜಕ್ಕ ಅವಳನ್ನು ಕುರ್ಚಿಯ ಮೇಲೆ ಕೂರಿಸಿ, ಪದ್ಧತಿಯಂತೆ ಮೌಸನ್ನು ಅವಳ ಅಂಗೈಗೇ ಕೊಟ್ಟಳು.

ಜೇನು ಹಿಂಡಿದ ಕೈ, ಕತ್ತಿ ಹಿಡಿದ ಕೈ. ಮೊದಲ ಸಲ ಅಲುಗಿಸಿದ ಕೂಡಲೇ ಪ್ರೋಟೀನು ಮಾಯ. ಕೇತಮ್ಮ ಕಳವಳದಿಂದ ಕೈ ಎತ್ತಿಬಿಟ್ಟಳು, ಏನೋ ಕೊಂದೆ ಅನ್ನುವ ಹಾಗೆ. ಹೊಟ್ಟೆಯೊಳಗೆ ಹೋಗಿದ್ದೀಯ, ಹಿಂದಕ್ಕೆ ಬಾ ಅಂದಳು ಅಂಬುಜಕ್ಕ. ಬಂದಳು. ಉಂಡೆ ಮತ್ತೆ ಎದುರಿಗೆ ಬಂತು. ಬೆನ್ನ ಮೇಲಿದ್ದ ಅಚ್ಚುಗ ಕಿಲಕಿಲ ನಕ್ಕ. ಒಳಗೆ ಹೋಗುವುದೂ ಹೊರಗೆ ಬರುವುದೂ ಅವಳು ಆಟದ ಹಾಗೆ ಮಾಡುತ್ತಲೇ ಇದ್ದಳಂತೆ, ಅಂಬುಜಕ್ಕನೇ ಸಾಕು ಬಾರೇ ಅನ್ನುವವರೆಗೆ.

ಆಮೇಲೆ ಬಣ್ಣ ಅಳಿಸಿದರು. ಕೆಂಪು ಹೋಯಿತು, ನೀಲಿ ಹೋಯಿತು, ಬೂದಿಯಂಥದ್ದು ಉಳಿಯಿತು. ನಿನಗೆ ಬೇಕಾದ ಬಣ್ಣ ಹಚ್ಚು ಅಂದಳು ಅಂಬುಜಕ್ಕ. ಕೇತಮ್ಮ ಯೋಚಿಸಿದಳು. ಹೆಂಗಸಿನದೂ ಅಲ್ಲದ, ಗಂಡಸಿನದೂ ಅಲ್ಲದ, ಇಬ್ಬರ ಮೈಗೂ ಹಚ್ಚುವ ಬಣ್ಣ ಯಾವುದು ಅಂತ. ಅರಿಸಿನ ಅಂದಳು. ಇಡೀ ಉಂಡೆ ಅರಿಸಿನವಾಯಿತು, ಬಿಳಿ ಗುಂಡು ಅದರ ಮೇಲೆ ಅಕ್ಕಿ ಕಾಳಿನ ಹಾಗೆ ಕೂತಿತು.

"ಈಗ ಏನು ಕಾಣ್ತದೆ, ಬಾಯಿ ಬಿಟ್ಟು ಹೇಳು."

"ಎಲ್ಲಾ ಒಂದೇಯ ಕಾಣ್ತದೆ ಕಣಕ್ಕ. ಯಾರದ್ ಎಲ್ಲಿಗಂಟ ಅಂತ ಗೊತ್ತೇ ಆಗಕಿಲ್ಲ."

"ಹಾಂ. ಒಂದು ಸುತ್ತು ತಿರುಗಿಸು."

ಕೇತಮ್ಮ ಮೆಲ್ಲಗೆ ತಿರುಗಿಸಿದಳು. ಅಕ್ಕಿ ಕಾಳು ಅಂಚಿಗೆ ಹೋಯಿತು, ಮರೆಯಾಯಿತು. ಉಂಡೆಯ ಬೆನ್ನು ಬಂತು. ಪೋಡಿನಲ್ಲಿ ಅಷ್ಟು ಜನ ಸಾಲು ನಿಂತು ನೋಡಿದ್ದರಲ್ಲ, ಒಬ್ಬರೂ ಈ ಬೆನ್ನನ್ನು ಕಂಡಿರಲಿಲ್ಲ. ಕೇತಮ್ಮ ಕುರ್ಚಿಯಿಂದ ಅರ್ಧ ಎದ್ದುಬಿಟ್ಟಳು.

"ಹಿಂದ್ಗಡೆ ಇನ್ನೊಂದದೆ ಕಣಕ್ಕ!"

ಇತ್ತು. ಅಂಥದ್ದೇ ಇನ್ನೊಂದು ಬಿಳಿ ಗುಂಡು. ಆಗ ಅಂಬುಜಕ್ಕ ಬಿಡಿಸಿ ಹೇಳಿದಳಂತೆ. ಈ ಉಂಡೆಯಲ್ಲಿ ನಾಲ್ಕು ಎಳೆ. ಅವುಗಳಲ್ಲಿ ಒಂದು ಜಾತಿಯವು ಎರಡು, ನಿಮ್ಮೂರಲ್ಲಿ ಕೆಂಪು ಕಂಡದ್ದು ಅವೇ. ಈ ಎಳೆ ನೇಯುವುದಕ್ಕೆ ಮೈಯೊಳಗೆ ಎರಡು ಮಾದರಿ ಇರುತ್ತವೆ, ಒಂದು ಅವ್ವ ಕೊಟ್ಟದ್ದು, ಒಂದು ಅಪ್ಪ ಕೊಟ್ಟದ್ದು. ಒಂದು ಮಾದರಿ ಚೆನ್ನಾಗಿದ್ದಿದ್ದರೂ ಮಗುವಿನ ರಕ್ತದಲ್ಲಿ ಗುಂಡಿಲ್ಲದ ಎಳೆ ಸಿಗುತ್ತಿತ್ತು, ಇಂಥ ನೋವೂ ಬರುತ್ತಿರಲಿಲ್ಲ. ಇವನ ರಕ್ತದಲ್ಲಿ ಗುಂಡಿಲ್ಲದ ಎಳೆಯೇ ಇಲ್ಲ ಅಂತ ಡಾಕ್ಟರು ಪರೀಕ್ಷೆ ಮಾಡಿದ್ದಾರೆ. ಅಂದರೆ ಎರಡು ಮಾದರಿಯಲ್ಲೂ ಇದೆ. ನಿನ್ನಲ್ಲೂ ಇದೆ, ಅವನಪ್ಪನಲ್ಲೂ ಇದೆ. ನಿಮಗೆ ಒಂದೊಂದೇ ಇರುವುದರಿಂದ ನೀವಿಬ್ಬರೂ ಗಟ್ಟಿಯಾಗಿದ್ದೀರಿ, ಗೊತ್ತೇ ಆಗಲಿಲ್ಲ.

ಕೇತಮ್ಮ ಬಹಳ ಹೊತ್ತು ಆ ಅರಿಸಿನದ ಉಂಡೆಯನ್ನು ತಿರುಗಿಸುತ್ತಾ ಕೂತಳು. ನನ್ನಲ್ಲೂ ಇದೆ ಅಂತ ಕೇಳಿ ಅವಳಿಗೆ ಅಳು ಬಂತು. ನನ್ನಲ್ಲಿ ಮಾತ್ರವಲ್ಲ ಅಂತ ಕೇಳಿಯೂ ಅಳು ಬಂತು. ಅಷ್ಟರಲ್ಲಿ ಮತ್ತೆ ಅವಳ ಬುದ್ಧಿ ಕೆಲಸ ಮಾಡಿತು. ನಮ್ಮೆಜಮಾನ್ರಿಗೆ ಅದು ಎಲ್ಲಿಂದ ಬಂತು ಅಕ್ಕ ಅಂತ ಕೇಳಿದಳು. ಅಂಬುಜಕ್ಕ ಏಲಕ್ಕಿ ಕಡಿಯುತ್ತಾ ಅವಳ ಮುಖ ನೋಡಿದಳು. ನಡಿ, ನಾನೂ ಬರುತ್ತೇನೆ ಅಂದಳು.

ಅಂಬುಜಕ್ಕ ಬೆಟ್ಟ ಹತ್ತಿದ್ದರ ಬಗ್ಗೆ ಏನೇನು ಹೇಳುತ್ತಾರೋ! ಕಂಪ್ಯೂಟರನ್ನು ತಲೆಯ ಮೇಲೆ ಹೊತ್ತು ತಂದಳಂತೆ, ಕರೆಂಟಿಲ್ಲದೆ ಅದು ಹೊತ್ತಿಕೊಂಡಿತಂತೆ. ಇಲ್ಲಪ್ಪ, ಜೀಪೂ ಜನರೇಟರೂ ಡಾಕ್ಟರನದೇ. ಬಿದಿರುಕೊಳ್ಳದ ಜನ ಮತ್ತೆ ಕಟ್ಟೆಯ ಹತ್ತಿರ ಸೇರಿದರು. ಸಣ್ಣರಂಗಮ್ಮ ಸೆರಗು ಬಿಗಿದು ಮುಂದೆಯೇ ನಿಂತಳು, ಈ ಪೇಟೆಯವಳು ಏನು ಕಿಸಿಯುತ್ತಾಳೆ ನೋಡೋಣ ಅಂತ.

ಅಂಬುಜಕ್ಕ ಮೌಸನ್ನು ಯಜಮಾನ ದಾಸೇಗೌಡನ ಕೈಗೆ ಕೊಟ್ಟಳು. ಗೌಡರೇ, ಬಣ್ಣ ಹಚ್ಚಿ ಅಂದಳು. ಯಾವ ಬಣ್ಣ ಅಂದ ಯಜಮಾನ. ನಿಮಗೆ ಇಷ್ಟ ಬಂದದ್ದು ಅಂದಳು. ಅವನು ಹುಲಿ ಮುಟ್ಟಿದವನ ಹಾಗೆ ಮುಟ್ಟಿ, ಅವಳು ತೋರಿಸಿದ ಕಡೆ ಒತ್ತಿ, ಕೆಂಪಿದ್ದದ್ದನ್ನು ನೀಲಿ ಮಾಡಿದ, ನೀಲಿಯಿದ್ದದ್ದನ್ನು ಕೆಂಪು ಮಾಡಿದ. ಬಿಳಿ ಗುಂಡು ಇದ್ದಲ್ಲೇ ಇತ್ತು, ಆದರೆ ಈಗ ಅದು ನೀಲಿಯ ಮೇಲೆ. ಜನರ ಕಣ್ಣೆಲ್ಲ ಜಡೆಯನ ಕಡೆ ತಿರುಗಿತು. ಇನ್ನೊಬ್ಬ ಬಂದು ಎಲ್ಲ ಹಸಿರು ಮಾಡಿದ. ಮತ್ತೊಬ್ಬಳು ನೇರಳೆ ಮಾಡಿದಳು. ಆಮೇಲೆ ನಾನು ತಾನು ಅಂತ ನೂಕಾಟ ಶುರುವಾಯಿತು. ಮುದುಕರೂ ಬಿಡಲಿಲ್ಲ. ಬಣ್ಣದಿಂದ ಏನೂ ತಿಳಿಯುವುದಿಲ್ಲ ಅಂತ ಯಾರೂ ಯಾರಿಗೂ ಹೇಳಬೇಕಾಗಲಿಲ್ಲ, ಎಲ್ಲರ ಕೈಗೂ ತಾನೇ ತಿಳಿಯಿತು. ಯಜಮಾನ ಮಾತ್ರ ನಗಲಿಲ್ಲ. ತಾನು ಕೊಟ್ಟ ತೀರ್ಪು ನೆನೆದು ಕಟ್ಟೆಯ ಅಂಚಿಗೆ ಹೋಗಿ ಕೂತ.

ಕೊನೆಗೆ ಕೇತಮ್ಮ ಬಂದಳು. ಎಲ್ಲವನ್ನೂ ಅರಿಸಿನ ಮಾಡಿದಳು. ಮಾಡಿ, ಮೌಸನ್ನು ಅತ್ತೆಯ ಮುಂದೆ ಹಿಡಿದಳು.

"ಅತ್ತೆಮ್ಮ, ಒಂದು ಸುತ್ತು ನೀವೇ ತಿರುಗ್ಸಿ."

ಸಣ್ಣರಂಗಮ್ಮ ಮುಟ್ಟುವುದಿಲ್ಲ ಅಂದಳು. ಊರೆಲ್ಲ ಮುಟ್ಟಿದ್ದನ್ನು ತಾನು ಮುಟ್ಟದಿದ್ದರೆ ಹೆದರಿದ ಹಾಗಾಗುತ್ತದಲ್ಲ, ಅದಕ್ಕೇ ಮುಟ್ಟಿದಳು. ತಿರುಗಿಸಿದಳು. ಒಂದು ಗುಂಡು ಹೋಯಿತು, ಬೆನ್ನು ಬಂತು, ಇನ್ನೊಂದು ಗುಂಡು ಬಂತು. ಅವಳ ಕೈ ನಿಂತಿತು. ಅಂಬುಜಕ್ಕ ಆ ಎರಡು ಮಾದರಿಯ ವಿಷಯ ಹೇಳಿದಳು, ಕೇತಮ್ಮನಿಗೆ ಹೇಳಿದ ಹಾಗೆಯೇ. ಸಣ್ಣರಂಗಮ್ಮ ಪರದೆಯಿಂದ ಕಣ್ಣು ಕೀಳದೆ, ಹಂಗಾದರೆ ಹಿಂದಿನ ಈ ಗುಂಡು ನಮ್ಮದೋ ಅಂತ ಕೇಳಿದಳು. ಯಾವುದು ಯಾರದು ಅಂತ ಈ ಪೆಟ್ಟಿಗೆ ಹೇಳುವುದಿಲ್ಲ, ನಾನೂ ಹೇಳುವುದಿಲ್ಲ, ಒಂದು ಹನಿ ರಕ್ತ ಹೇಳುತ್ತದೆ ಅಂದಳು ಅಂಬುಜಕ್ಕ.

ಆಗ ಜಡೆಯ ಬಂದ. ಅವ್ವನ ಮುಖ ನೋಡಲಿಲ್ಲ. ಬಂದು ಡಾಕ್ಟರನ ಮುಂದೆ ಬೆರಳು ನೀಡಿದ. ಇಷ್ಟು ವರ್ಷಕ್ಕೆ ಅವನು ಆಡಿದ ಮೊದಲ ಮಾತು ಆ ಬೆರಳೇ ಅಂತ ಪೋಡಿನವರು ಇವತ್ತಿಗೂ ಹೇಳುತ್ತಾರೆ. ಡಾಕ್ಟರು ಹನಿ ತೆಗೆದು, ಗಾಜಿನ ಮೇಲೆ ಔಷಧಿ ಬೆರೆಸಿ, ಮುಚ್ಚಿಟ್ಟು ಕಾದ. ಆಮೇಲೆ ಜೀಪಿನಲ್ಲಿ ತಂದಿದ್ದ ಮೈಕ್ರೋಸ್ಕೋಪಿನಲ್ಲಿ ಎಲ್ಲರಿಗೂ ತೋರಿಸಿದ. ದುಂಡಗಿದ್ದ ಕಣಗಳು ಅಲ್ಲಲ್ಲಿ ಕುಡುಗೋಲಾಗಿ ಬಾಗಿದ್ದವು. ಕೇತಮ್ಮನ ಹನಿಯಲ್ಲೂ ಹಾಗೆಯೇ.

ಇಷ್ಟಕ್ಕೆ ಮುಗಿಯಬೇಕಿತ್ತು. ಆದರೆ ಸಣ್ಣರಂಗಮ್ಮ ಮುಂದೆ ಬಂದಳು. ಬೇಡ ಅತ್ತೆಮ್ಮ ಅಂದಳು ಕೇತಮ್ಮ. ಸುಮ್ಮನಿರು ಅಂತ ಗದರಿ ಬೆರಳು ಚಾಚಿದಳು. ಅವಳ ಹನಿಯಲ್ಲೂ ಕಣಗಳು ಬಾಗಿದವು. ಮೈಕ್ರೋಸ್ಕೋಪಿಗೆ ಕಣ್ಣಿಟ್ಟವಳು ತೆಗೆಯಲೇ ಇಲ್ಲ. ಕಣ್ಣಿಟ್ಟುಕೊಂಡೇ ಕೇಳಿದಳು.

"ನಂಗೆ ಜಡೆಯನ್ಗೂ ಮೊದ್ಲು ಒಂದು ಮಗ ಇತ್ತು. ಕುಂಬಿ ಅಂತ. ಅದೂ ಹಿಂಗೇಯ, ಮೂಳೆ ಮೂಳೆ ಅಂತ ಚೀರ್ಕಂಡು ಹೋಯ್ತು. ನಮ್ಮತ್ತೆ ನಂಗೆ ಮಗೀನ ತಿಂದೋಳು ಅಂದ್ರು. ಸಾಯೋಗಂಟ ಅಂದ್ರು. ಆಗ ನಮ್ಮೆಜಮಾನ್ರದೂ... ಆಯಪ್ಪಂದೂ ಇತ್ತಾ?"

ಅಂಬುಜಕ್ಕ ಅವಳ ಬೆನ್ನ ಮೇಲೆ ಕೈಯಿಟ್ಟಳು. ಇದ್ದಿರಲೇಬೇಕು ಕಣವ್ವ, ಒಬ್ಬರದರಿಂದ ಅದು ಆಗುವುದೇ ಇಲ್ಲ ಅಂದಳು.

ಸಣ್ಣರಂಗಮ್ಮ ಆಗ ಅತ್ತಳು. ಆ ಮಗು ಸತ್ತಾಗ ಅಳಲು ಬಿಡದಿದ್ದ ಅಳು ಅದು, ಅಷ್ಟು ವರ್ಷ ಎಲ್ಲಿತ್ತೋ. ಅವಳು ಅಪರಾಧ ಹೊತ್ತು ಹೊತ್ತು ಗಟ್ಟಿಯಾಗಿದ್ದಳು, ಅದನ್ನು ಇಳಿಸಲು ಇನ್ನೊಂದು ತಲೆ ಸಿಕ್ಕಿದ ಕೂಡಲೇ ಸೊಸೆಯ ತಲೆಗೆ ಇಳಿಸಿದ್ದಳು. ಕೇತಮ್ಮ ಏನು ಮಾಡಿದಳು ಗೊತ್ತೆ? ಒಳಗೆ ಹೋಗಿ ಅರಿಸಿನ ತಂದು, ಚುಚ್ಚಿದ ಅತ್ತೆಯ ಬೆರಳಿಗೆ ಹಚ್ಚಿದಳು. ಆಮೇಲೆ ಗಂಡನ ಬೆರಳಿಗೆ. ಅವಳ ಬೆರಳಿಗೆ ಅತ್ತೆ ಹಚ್ಚಿದಳು.

ಯಜಮಾನ ತೀರ್ಪು ಹಿಂದಕ್ಕೆ ತೆಗೆದುಕೊಂಡ. ರಾಗಿ ಕೊಯ್ಲು ಬಂತು, ಹೋಯಿತು, ಕೇತಮ್ಮ ಎಲ್ಲಿಗೂ ಹೋಗಲಿಲ್ಲ. ಅಚ್ಚುಗನ ನೋವು ವಾಸಿಯಾಯಿತೇ ಅಂತ ಕೇಳುತ್ತೀರಿ. ಇಲ್ಲ. ಸುಳ್ಳು ಹೇಳಿ ಕಥೆ ಸಿಹಿ ಮಾಡುವುದು ನನಗೆ ಆಗದು. ಆದರೆ ನೋವು ಬಂದಾಗ ಎಲ್ಲಿ ಒತ್ತಬೇಕು, ಎಲ್ಲಿ ಕೈಯಿಡಬಾರದು ಅಂತ ಕೇತಮ್ಮ ಅತ್ತೆಗೂ ಕಲಿಸಿದಳು. ಡಾಕ್ಟರು ಕೊಟ್ಟ ಮಾತ್ರೆ, ಬೆಚ್ಚನೆ ಬಟ್ಟೆ, ಗುಟುಕು ನೀರು, ಎರಡು ಮಡಿಲು. ಅವನು ಬೆಳೆದು ಮೀಸೆ ಬಿಟ್ಟ ಅಂತ ಮಾತ್ರ ಗಟ್ಟಿಯಾಗಿ ಹೇಳಬಲ್ಲೆ.

ಅಂಬುಜಕ್ಕ ಏನಾದಳೋ ಯಾರಿಗೂ ತಿಳಿಯದು. ಸಮುದ್ರದಾಚೆ ಕರೆದುಕೊಂಡು ಹೋದರು ಅನ್ನುತ್ತಾರೆ. ಒಂದು ಪ್ರೋಟೀನಿನ ಹೊಟ್ಟೆಯೊಳಗೆ ಹೋದವಳು ಹೊರಗೆ ಬರಲೇ ಇಲ್ಲ, ಅಲ್ಲೇನೋ ಚೆಂದದ್ದು ಸಿಕ್ಕಿರಬೇಕು ಅಂತಲೂ ಅನ್ನುತ್ತಾರೆ. ಆ ಕಾಲೇಜಿನ ಕೋಣೆಯಲ್ಲಿ ಈಗ ಗೂನು ಪೆಟ್ಟಿಗೆಗಳಿಲ್ಲ, ಕಾಗದದಷ್ಟು ತೆಳ್ಳನೆಯವು ಬಂದಿವೆ. ಆದರೂ ಅಲ್ಲಿ ಯಾರಾದರೂ ಹೊಸ ಪ್ರೋಟೀನು ತೆರೆದರೆ, ಮೊದಲು ಅದರ ಬಣ್ಣವೆಲ್ಲ ಅಳಿಸಿ ಅರಿಸಿನ ಮಾಡುತ್ತಾರಂತೆ, ಒಂದು ಸುತ್ತು ತಿರುಗಿಸುತ್ತಾರಂತೆ, ಆಮೇಲೆಯೇ ಮಾತು. ಯಾಕೆ ಅಂತ ಕೇಳಿದರೆ ಹೊಸ ಹುಡುಗಿಯರಿಗೆ ಗೊತ್ತಿಲ್ಲ, ನಮ್ಮಲ್ಲಿ ಹಾಗೇ ಅನ್ನುತ್ತಾರೆ.

ಬಿದಿರುಕೊಳ್ಳದಲ್ಲಿ ಗೊತ್ತಿದೆ. ಅಲ್ಲಿ ನ್ಯಾಯದ ಕಟ್ಟೆಯಲ್ಲಿ ಯಾರಾದರೂ ಯಾರ ಮೇಲಾದರೂ ದೂರು ತಂದರೆ, ಬಾಯಿ ಬಿಡುವ ಮೊದಲು ದೂರಿಗೆ ಸಿಕ್ಕಿದವರ ಸುತ್ತ ಒಂದು ಸುತ್ತು ಬರಬೇಕು, ಬೆನ್ನ ಹಿಂದೆ ಸ್ವಲ್ಪ ಹೊತ್ತು ನಿಲ್ಲಬೇಕು. ಎಷ್ಟೋ ದೂರುಗಳು ಅಲ್ಲಿಂದಲೇ ಮನೆಗೆ ಹೋಗುತ್ತವೆ. ಮದುವೆ ಗೊತ್ತು ಮಾಡುವ ಮೊದಲು ಎರಡು ಕಡೆಯವರೂ ಆಸ್ಪತ್ರೆಗೆ ಹೋಗಿ ಒಟ್ಟಿಗೆ ಹನಿ ರಕ್ತ ಕೊಡುತ್ತಾರೆ, ಗಂಡಿನ ಕಡೆಯವರದು ಮೊದಲು. ಕೊಟ್ಟ ಬೆರಳಿಗೆ ಅರಿಸಿನ ಹಚ್ಚುವುದು ಅತ್ತೆಯಾಗುವವಳ ಕೆಲಸ. ಹಚ್ಚುವಾಗ ಕುಂಬಿ ಅನ್ನುವ ಹೆಸರನ್ನು ಒಂದು ಸಲ ಹೇಳುತ್ತಾರೆ, ಆ ಮಗುವನ್ನು ಯಾರೂ ತಿನ್ನಲಿಲ್ಲ ಅಂತ ಎಲ್ಲರಿಗೂ ನೆನಪಿರಲಿ ಅಂತ.